ಇರ್ಯಾ ಕೇಳಿದ ಮೂರು ಪ್ರಶ್ನೆ

"ಎಷ್ಟು ಜನರ ಮೇಲೆ ಪರೀಕ್ಷೆ ಮಾಡಿದ್ರು?"

ಚರ್ಚಿನ ನೆಲಮಾಳಿಗೆಯ ಸಭಾಂಗಣದಲ್ಲಿ ಇರ್ಯಾ ಮೂರನೆಯ ಸಾಲಿನಿಂದ ಎದ್ದು ನಿಂತಿದ್ದಳು. ಎದುರಿಗೆ ನಿಂತಿದ್ದ ವೆಂಡೆಲ್ ಟ್ರೆಗೇರ್ ಸೇಬಿನ ವಿನಿಗರ್ ಬೆರೆಸಿದ ನೀರಿನ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಮುಗುಳ್ನಕ್ಕ. ಹದಿನೈದು ವರ್ಷದಿಂದ ಪ್ರತಿ ಗುರುವಾರ ಬೆಳಿಗ್ಗೆ ಊರಿನ ರೇಡಿಯೋದಲ್ಲಿ ಆರೋಗ್ಯದ ಮಾತು ಹೇಳುತ್ತ ಬಂದವನು. ಅವನ ದನಿಗೆ ಬೆಚ್ಚಗಿನ ಕಂಬಳಿಯ ಗುಣವಿತ್ತು.

"ಒಳ್ಳೇ ಪ್ರಶ್ನೆ. ನೋಡಿ, ಈ ಅಧ್ಯಯನ ಮಾಡಿದೋರು ಸಣ್ಣಪುಟ್ಟ ಜನ ಅಲ್ಲ, ದೊಡ್ಡ ವಿಶ್ವವಿದ್ಯಾಲಯದೋರು..."

"ಎಷ್ಟು ಜನ ಅಂದೆ."

"ಹನ್ನೆರಡು."

"ಎಷ್ಟು ದಿನ?"

"ಎರಡು ವಾರ ಇರಬೇಕು."

"ಹತ್ತು ದಿನ. ಖರ್ಚು ಹಾಕಿದ್ದು ಯಾರು?"

ವೆಂಡೆಲ್ ಲೋಟವನ್ನು ಕೆಳಗಿಟ್ಟ. ಅವನು ಬಾಯಿ ತೆರೆಯುವ ಮೊದಲೇ ಇರ್ಯಾ, "ವಿನಿಗರ್ ಮಾರೋ ಕಂಪನಿ" ಎಂದು ಹೇಳಿ ಕೂತುಬಿಟ್ಟಳು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಇನ್ಯಾರೋ ಸಣ್ಣಗೆ ನಕ್ಕರು. ಆ ನಗು ಇರ್ಯಾಳ ಕಿವಿಗೆ ಬಹಳ ಹಿತವಾಗಿ ಕೇಳಿಸಿತು.

ಅದು ನವೆಂಬರ್ ತಿಂಗಳು. ಸುಪೀರಿಯರ್ ಸರೋವರದ ಮೇಲಿಂದ ಮೊದಲ ಹಿಮ ಬಂದು ಬಿದ್ದಿತ್ತು. ಆ ಚಳಿಗಾಲವಿಡೀ ವೆಂಡೆಲ್ ಎಲ್ಲಿ ಮಾತಾಡಿದನೋ ಅಲ್ಲೆಲ್ಲ ಇರ್ಯಾ ಹೋದಳು. ಗ್ರಂಥಾಲಯ, ಹಿರಿಯರ ಕೇಂದ್ರ, ಗಣಿ ಕಾರ್ಮಿಕರ ಹಳೆಯ ಭವನ. ಕೇಳಿದ್ದು ಯಾವಾಗಲೂ ಅವೇ ಮೂರು ಪ್ರಶ್ನೆ. ಎಷ್ಟು ಜನ, ಎಷ್ಟು ದಿನ, ಖರ್ಚು ಹಾಕಿದವರು ಯಾರು. ದನಿ ಏರಿಸುತ್ತಿರಲಿಲ್ಲ. ಉತ್ತರ ತನಗೆ ಮೊದಲೇ ಗೊತ್ತಿರದ ಪ್ರಶ್ನೆಯನ್ನು ಕೇಳುತ್ತಲೂ ಇರಲಿಲ್ಲ. ಅವನ ಭಾಷಣದ ವಿಷಯ ಪತ್ರಿಕೆಯಲ್ಲಿ ಪ್ರಕಟವಾದ ದಿನವೇ ಗ್ರಂಥಾಲಯಕ್ಕೆ ಹೋಗಿ ಮೂಲ ಅಧ್ಯಯನವನ್ನು ತರಿಸಿ, ಸಾಲು ಸಾಲಾಗಿ ಓದಿ ಬರುತ್ತಿದ್ದಳು. ಮೂವತ್ತೊಂದು ವರ್ಷ ಕಾಗದದ ಗಿರಣಿಯ ಪರೀಕ್ಷಾಲಯದಲ್ಲಿ ದುಡಿದ ಹೆಂಗಸು. ನಾಲ್ಕು ಹಾಳೆ ಚೆನ್ನಾಗಿವೆಯೆಂದು ಇಡೀ ಸುರುಳಿಗೆ ಮುದ್ರೆ ಒತ್ತುವ ಹಾಗಿಲ್ಲ ಎನ್ನುವುದು ಅವಳ ಕೈಬೆರಳಿಗೂ ಗೊತ್ತಿತ್ತು.

ಅವಳಿಗೆ ಅವನ ಮೇಲೆ ಯಾಕಿಷ್ಟು ಹಟ ಎಂದು ಯಾರಿಗೂ ಗೊತ್ತಿರಲಿಲ್ಲ. ಅವಳು ಹೇಳಿರಲೂ ಇಲ್ಲ.

ಹೇಳಬೇಕಾದದ್ದು ಅಕ್ಕ ಲೆಂಪಿಯ ವಿಷಯ. ಲೆಂಪಿಗೆ ಎದೆಬಡಿತ ತಾಳ ತಪ್ಪುವ ಕಾಯಿಲೆ. ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಂದು ಮಾತ್ರೆ ನುಂಗಬೇಕಿತ್ತು. ಎರಡು ವರ್ಷದ ಹಿಂದೆ ಮಾರ್ಚ್ ತಿಂಗಳ ಒಂದು ಗುರುವಾರ ವೆಂಡೆಲ್ ರೇಡಿಯೋದಲ್ಲಿ ಅರಿಶಿನದ ಬಗ್ಗೆ ಮಾತಾಡಿದ. ಭಾರತದವರು ಸಾವಿರಾರು ವರ್ಷದಿಂದ ತಿನ್ನುವ ಬೇರು, ರಕ್ತವನ್ನು ತಾನಾಗಿ ತೆಳುಮಾಡುತ್ತದೆ, ಹೊಸ ಅಧ್ಯಯನವೂ ಅದನ್ನೇ ಹೇಳುತ್ತದೆ ಅಂದ. ಲೆಂಪಿ ಮಾತ್ರೆ ಬಿಟ್ಟು ಅರಿಶಿನದ ಕ್ಯಾಪ್ಸೂಲು ಹಿಡಿದಳು. ತಂಗಿಗೆ ಹೇಳಲಿಲ್ಲ; ಹೇಳಿದರೆ ಬೈಯುತ್ತಾಳೆಂದು ಗೊತ್ತಿತ್ತು. ಹನ್ನೊಂದನೆಯ ವಾರ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಇಡೀ ಊರಿನ ಸುದ್ದಿಯನ್ನು ಫೋನಿನಲ್ಲೇ ಹಂಚುತ್ತಿದ್ದವಳಿಗೆ "ಹೌದೌದು" ಎನ್ನುವ ಒಂದು ಪದ ಮಾತ್ರ ಉಳಿಯಿತು.

ಇರ್ಯಾ ಆ ಅಧ್ಯಯನವನ್ನು ಹುಡುಕಿ ಓದಿದ್ದಳು. ಅದು ಮನುಷ್ಯರ ಮೇಲೆ ನಡೆದದ್ದಲ್ಲ, ಇಲಿಯ ಮೇಲೂ ಅಲ್ಲ. ಗಾಜಿನ ನಳಿಗೆಯಲ್ಲಿ ನಾಲ್ಕು ಹನಿ ರಕ್ತ. ರೇಡಿಯೋದವರಿಗೆ ಪತ್ರ ಬರೆದಳು. ಕಾರ್ಯಕ್ರಮದ ಮೊದಲಿಗೇ ವೈದ್ಯರನ್ನು ಕೇಳಿ ಎಂದು ಹೇಳಲಾಗುತ್ತದೆ ಎಂಬ ಎರಡು ಸಾಲಿನ ಉತ್ತರ ಬಂತು. ಆ ಕಾಗದವನ್ನು ಅವಳು ಹರಿಯಲಿಲ್ಲ. ಮಡಿಸಿ ಇಟ್ಟುಕೊಂಡು, ಅವನ ಮುಂದಿನ ಭಾಷಣ ಯಾವತ್ತು ಎಂದು ನೋಡಿದಳು.

ಸಭೆಯಲ್ಲಿ ಎದ್ದು ನಿಂತು ಅಕ್ಕನ ಕಥೆಯನ್ನೇ ಹೇಳಬಹುದಿತ್ತು. ಆದರೆ ಹಾಗೆ ಹೇಳಿದರೆ ಅವನು ಆ ಕಂಬಳಿಯಂಥ ದನಿಯಲ್ಲಿ ಕನಿಕರ ತೋರಿಸುತ್ತಾನೆ, ಕಣ್ಣು ಒದ್ದೆ ಮಾಡಿಕೊಳ್ಳುತ್ತಾನೆ, ಜನ ಅವನನ್ನೇ ಸಮಾಧಾನಪಡಿಸುತ್ತಾರೆ. ಲೆಂಪಿಯನ್ನು ಅವನ ಬಾಯಿಗೆ ಕೊಡಲು ಅವಳು ಸಿದ್ಧಳಿರಲಿಲ್ಲ.

ಜನವರಿಯ ಹೊತ್ತಿಗೆ ಕುರ್ಚಿಗಳು ಖಾಲಿಯಾಗತೊಡಗಿದವು. ಇರ್ಯಾ ಕೂತಲ್ಲಿಂದ ಎಣಿಸುತ್ತಿದ್ದಳು. ಫೆಬ್ರವರಿಯಲ್ಲಿ ಒಂದು ಸಭೆಗೆ ಅವಳು ಕಾರಿನ ಮೇಲಿನ ಹಿಮ ಕೆರೆದು ಬರುವಷ್ಟರಲ್ಲಿ ತಡವಾಗಿತ್ತು. ಒಳಗೆ ಕಾಲಿಟ್ಟಾಗ ರೈನೊ ಹೈಕಿಲ ಎಂಬ ಮುದುಕ, ಹಲ್ಲಿಲ್ಲದ ಬಾಯಲ್ಲಿ, "ಎಷ್ಟು ಜನರ ಮೇಲೆ ಮಾಡಿದ್ರಪ್ಪ ವೆಂಡೆಲ್?" ಎಂದು ಕೇಳುತ್ತಿದ್ದ. ಸಭೆಗೆ ಸಭೆಯೇ ನಕ್ಕಿತು. "ಬಂದ್ಲು ನೋಡು ಮೇಷ್ಟ್ರಮ್ಮ. ನಿನ್ ಕೆಲಸ ನಾನೇ ಮಾಡಿಟ್ಟಿದೀನಿ, ಕೂತ್ಕೋ" ಎಂದು ರೈನೊ ಪಕ್ಕದ ಕುರ್ಚಿ ತಟ್ಟಿದ. ವೆಂಡೆಲನ ಕತ್ತು ಕೆಂಪೇರಿತು. ಆ ದಿನ ಮನೆಗೆ ಹೋಗುವಾಗ ಇರ್ಯಾ ಕಾರಿನಲ್ಲಿ ಹಾಡು ಹೇಳಿಕೊಂಡಳು. ಅವಳು ಹಾಡಿ ಎರಡು ವರ್ಷವಾಗಿತ್ತು.

ಮಾರ್ಚಿನಲ್ಲಿ ವೆಂಡೆಲನ ರೇಡಿಯೋ ಕಾರ್ಯಕ್ರಮ ನಿಂತಿತು. ಸುದ್ದಿ ತಂದ ಪಕ್ಕದ ಮನೆಯವಳು, "ಈಗ ಸಮಾಧಾನ ಆಯ್ತಾ ನಿಂಗೆ?" ಅಂದಳು. ಇರ್ಯಾಳಿಗೆ ಸಮಾಧಾನವಾಗಿರಲಿಲ್ಲ. ಅವನು ಇನ್ನೂ ಅಂಗಡಿಗೆ ಹೋಗುತ್ತಾನೆ, ಜನರನ್ನು ಹೆಸರು ಹಿಡಿದು ಮಾತಾಡಿಸುತ್ತಾನೆ, ತನಗೆ ಬೇಕಾದ ರೊಟ್ಟಿಯನ್ನು ಬಾಯಿಬಿಟ್ಟು ಕೇಳಿ ತಗೊಳ್ಳುತ್ತಾನೆ.

ಏಪ್ರಿಲ್ ಮೊದಲ ವಾರ, ಒಂದು ಶನಿವಾರ ಮಧ್ಯಾಹ್ನ, ಬಾಗಿಲು ಬಡಿದ ಸದ್ದಾಯಿತು. ತೆರೆದರೆ ವೆಂಡೆಲ್. ಗಡ್ಡ ಬೋಳಿಸಿರಲಿಲ್ಲ. ಎದೆಗೆ ಒಂದು ದಪ್ಪ ಲಕೋಟೆ ಅವಚಿಕೊಂಡಿದ್ದ.

"ನನ್ ಮೇಲೆ ನಿಮಗೆ ಸಿಟ್ಟು ಯಾಕೆ ಅಂತ ನಂಗೊತ್ತಿಲ್ಲ. ಆದ್ರೆ ಸಿಟ್ಟಿದೆ ಅನ್ನೋದು ಗೊತ್ತು" ಅಂದ. "ಅದಕ್ಕೇ ಬಂದೆ. ಬೇರೆ ಎಲ್ರೂ ನನ್ ಮನಸ್ಸಿಗೆ ಹಿತವಾಗೋದನ್ನೇ ಹೇಳ್ತಾರೆ. ನೀವು ಹೇಳಲ್ಲ."

"ಏನಾಗ್ಬೇಕು?"

"ಆರ್ಡಿಸ್‌ಗೆ ಕ್ಯಾನ್ಸರ್. ನನ್ ಹೆಂಡ್ತಿಗೆ. ಕುತ್ತಿಗೆ ಹತ್ರ ಗಂಟು. ಇಲ್ಲಿನ ಡಾಕ್ಟರು ಸೋಮವಾರದಿಂದ ಕೀಮೋ ಶುರುಮಾಡೋಣ ಅಂತಾರೆ. ಅವಳಿಗೆ ಭಯ. ಅರಿಜೋನದ ಮರುಭೂಮೀಲಿ ಒಂದು ಕ್ಲಿನಿಕ್ ಇದೆ. ಬರೀ ಹಣ್ಣಿನ ರಸ, ವಿಟಮಿನ್ ಡ್ರಿಪ್ಪು. ಅವರದೂ ಒಂದು ಅಧ್ಯಯನ ಇದೆ. ನಾಳೆಗೆ ವಿಮಾನ." ಲಕೋಟೆಯನ್ನು ಮುಂದೆ ಚಾಚಿದ. "ನಾನು ನಾಲ್ಕು ಸಲ ಓದಿದೆ. ಓದಿದಾಗೆಲ್ಲ ನನಗೆ ಬೇಕಾದದ್ದೇ ಕಾಣ್ತದೆ. ನೀವು ಓದಿ ಹೇಳಿ."

ಇರ್ಯಾ ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಲೆಂಪಿ ಕೂತಿದ್ದಳು. ಎದುರಿಗೆ ಓಟ್ಸ್ ಗಂಜಿಯ ಬಟ್ಟಲು ಆಗಷ್ಟೇ ಬಂದು ಕೂತಿತ್ತು.

"ಓದೋಕೆ ನಂಗೆ ಮುಕ್ಕಾಲು ಗಂಟೆ ಬೇಕು. ಅಲ್ಲೀವರೆಗೆ ಇವಳಿಗೆ ತಿನ್ನಿಸಿ. ಒಂದೊಂದೇ ಚಮಚ. ನುಂಗಿದ್ಲಾ ಅಂತ ಗಂಟಲು ನೋಡ್ಕೊಂಡು ಇನ್ನೊಂದು. ಅವಸರ ಮಾಡಿದ್ರೆ ಶ್ವಾಸಕ್ಕೆ ಹೋಗ್ತದೆ."

ಅವನು ಕೋಟು ಬಿಚ್ಚದೆ ಕೂತ. ಚಮಚ ಹಿಡಿದು, "ನಮಸ್ಕಾರ. ನಾನು ವೆಂಡೆಲ್" ಅಂದ.

ಲೆಂಪಿಯ ಮುಖದ ಎಡಭಾಗ ಅರಳಿತು. "ಹೌದೌದು" ಅಂದಳು. ಮತ್ತೆ, "ಹೌದೌದು, ಹೌದೌದು." ಎರಡು ವರ್ಷದಲ್ಲಿ ಇರ್ಯಾ ಆ ಮುಖದಲ್ಲಿ ಅಂಥ ಸಂತೋಷ ಕಂಡಿರಲಿಲ್ಲ.

"ನನ್ನ ಪರಿಚಯ ಇದೆಯಾ ಇವರಿಗೆ?"

"ನಿಮ್ಮ ದನಿ ಪರಿಚಯ. ಗುರುವಾರ ಗುರುವಾರ ಕೇಳ್ತಿದ್ಲು. ಅರಿಶಿನ. ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳು. ರಕ್ತ ತೆಳು ಮಾಡೋ ಮಾತ್ರೆ ಬಿಟ್ಟು ನೀವು ಹೇಳಿದ್ದನ್ನ ನುಂಗಿದ್ಲು."

ಚಮಚ ಗಾಳಿಯಲ್ಲಿ ನಿಂತಿತು. ವೆಂಡೆಲ್ ಲೆಂಪಿಯ ಮಡಿಲಲ್ಲಿ ಬಿದ್ದಿದ್ದ ಬಲಗೈಯನ್ನು ನೋಡಿದ. ಅವನ ತುಟಿ ಅಲುಗಿತು. ಏನಾದರೂ ಹೇಳುತ್ತಾನೆಂದು ಇರ್ಯಾ ಕಾದಳು. ಹೇಳಿದರೆ ಹೊರಗೆ ಕಳಿಸಬೇಕೆಂದೇ ಕಾದಳು. ಅವನು ಚಮಚವನ್ನು ಬಟ್ಟಲಿಗಿಳಿಸಿದ.

"ತಿನ್ನಿಸಿ" ಅಂದಳು. "ಆರಿದ್ರೆ ಅವಳಿಗೆ ಸೇರಲ್ಲ."

ಅವನು ತಿನ್ನಿಸತೊಡಗಿದ. ಇರ್ಯಾ ಕನ್ನಡಕ ಹಾಕಿಕೊಂಡು ಲಕೋಟೆ ಬಿಚ್ಚಿದಳು. ಕ್ಲಿನಿಕ್ಕಿನ ಕಾಗದ ದಪ್ಪನೆಯದು, ನುಣುಪಾದದ್ದು. ಒಳಗೆ ನಗುವ ಮುಖಗಳು. ಅಧ್ಯಯನವೆಂದು ಕರೆದದ್ದು ಆರು ಪುಟ. ಐದನೆಯ ನಿಮಿಷಕ್ಕೇ ಅದರ ಹುರುಳು ಅವಳಿಗೆ ತಿಳಿದುಹೋಯಿತು. ಆದರೂ ಪೂರ್ತಿ ಓದಿದಳು. ಅದರ ಹಿಂದೆ ಊರಿನ ಡಾಕ್ಟರು ಬರೆದ ಪತ್ರವಿತ್ತು. ಆರ್ಡಿಸ್ ಟ್ರೆಗೇರ್, ಅರವತ್ತನಾಲ್ಕು ವರ್ಷ. ಬೇಗ ಪತ್ತೆಯಾಗಿದೆ, ಈ ಬಗೆಯ ಗಂಟು ಔಷಧಕ್ಕೆ ಬಗ್ಗುವಂಥದ್ದು, ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ, ತಡಮಾಡಬಾರದು.

ಅವಳು ಪತ್ರವನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಹೋಗಿ ಅಂದರೆ ಸಾಕಿತ್ತು. ಅಧ್ಯಯನ ಗಟ್ಟಿಯಾಗಿದೆ, ಹೋಗಿ. ಅವನು ನಂಬುತ್ತಿದ್ದ. ನಂಬಲೆಂದೇ ಬಂದು ಕೂತಿದ್ದ. ಆರೆಂಟು ತಿಂಗಳ ನಂತರ ಅವನೂ ಒಂದು ಹಾಸಿಗೆಯ ಪಕ್ಕ ಕೂತು ಗಂಟಲು ನೋಡುತ್ತ ಚಮಚ ಎತ್ತುವಂತಾಗುತ್ತಿತ್ತು. ಆಗ ಅವನು ಅವಳನ್ನು ದೂರುವ ಹಾಗೂ ಇರಲಿಲ್ಲ. ವೈದ್ಯರನ್ನು ಕೇಳಿ ಎಂದು ಅವಳೂ ಎರಡು ಸಾಲು ಬರೆದು ಕಳಿಸಬಹುದಿತ್ತು. ಮಾತು ಬಾಯಿಯವರೆಗೂ ಬಂತು. ಅದು ಎಷ್ಟು ಸಿಹಿಯಾಗಿತ್ತೆಂದರೆ ಅವಳು ಕ್ಷಣಹೊತ್ತು ಕಣ್ಣು ಮುಚ್ಚಿಕೊಂಡಳು.

ಕಣ್ಣು ತೆರೆದಾಗ ವೆಂಡೆಲ್ ಲೆಂಪಿಯ ಗಲ್ಲಕ್ಕೆ ಇಳಿದಿದ್ದ ಗಂಜಿಯನ್ನು ತನ್ನ ಕರವಸ್ತ್ರದಿಂದ ಒರೆಸುತ್ತಿದ್ದ. ಮೇಲಿಂದ ಕೆಳಗೆ ಒರೆಸಿದರೆ ಇನ್ನಷ್ಟು ಹರಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಇಲ್ಲಿ ಬನ್ನಿ" ಅಂದಳು. ಅಧ್ಯಯನದ ಮೂರನೆಯ ಪುಟ ತೆಗೆದು ಅವನೆದುರು ಇಟ್ಟಳು. "ಎಷ್ಟು ಜನ? ಗಟ್ಟಿಯಾಗಿ ಓದಿ."

ಅವನು ಬೆರಳಿಟ್ಟು ಹುಡುಕಿದ. "ಒಂಬತ್ತು."

"ಎಷ್ಟು ದಿನ?"

"ಆರು ವಾರ."

"ಖರ್ಚು ಹಾಕಿದ್ದು?"

"ಕ್ಲಿನಿಕ್ಕೇ."

"ಆರು ವಾರ ಆದ್ಮೇಲೆ ಆ ಒಂಬತ್ತು ಜನ ಏನಾದ್ರು?"

ಅವನು ಪುಟ ತಿರುಗಿಸಿದ. ಮತ್ತೆ ಹಿಂದಕ್ಕೆ ತಿರುಗಿಸಿದ. "ಬರೆದಿಲ್ಲ."

"ಬದುಕಿದ್ರಾ?"

"ಬರೆದಿಲ್ಲ" ಅಂದ. ಹದಿನೈದು ವರ್ಷದಲ್ಲಿ ರೇಡಿಯೋ ಒಮ್ಮೆಯೂ ಕೇಳಿಸದಿದ್ದ ದನಿ ಅದು, ಒಡಕು, ಒಣಗಿದ್ದು. ಇರ್ಯಾ ಅದನ್ನು ಕಿವಿತುಂಬ ಕೇಳಿಸಿಕೊಂಡಳು. ಆಮೇಲೆ ಡಾಕ್ಟರ ಪತ್ರವನ್ನು ಮಗುಚಿ, ಒಂದು ಸಾಲಿನ ಕೆಳಗೆ ಉಗುರಿನಿಂದ ಗೀರಿ, ಅವನ ಕಡೆ ತಳ್ಳಿದಳು. ಅವನು ಓದಿದ. ಬಹಳ ಹೊತ್ತು ಓದಿದ.

"ನೀವೊಂದ್ಸಲ ಬಂದು ಆರ್ಡಿಸ್ ಹತ್ರ ಮಾತಾಡ್ತೀರಾ? ಕೀಮೋ ವಿಷ ಅಂತ ಅವಳ ತಲೇಲಿ ಕೂತ್ಬಿಟ್ಟಿದೆ."

"ಕೂರಿಸಿದ್ದು ಯಾರು?"

ಅವನು ಕ್ಲಿನಿಕ್ಕಿನ ಕಾಗದಗಳನ್ನು ಬೋರಲು ಹಾಕಿದ.

"ನೀವೇ ಹೇಳಿ. ನಿಮ್ಮ ಬಾಯಿಂದಾನೇ. ಇಷ್ಟು ವರ್ಷ ನಾನು ಹೇಳಿದ್ದು ನನಗೇ ಗೊತ್ತಿರಲಿಲ್ಲ ಅಂತ ಹೇಳಿ. ಅರಿಶಿನದ ವಿಷಯಾನೂ ಹೇಳಿ. ಇವಳ ಹೆಸರು ಲೆಂಪಿ. ಹೆಸರು ಹೇಳಿ."

"ಹೇಳ್ತೀನಿ." ಅವನು ಎದ್ದ. ಲಕೋಟೆಯೊಳಗೆ ಡಾಕ್ಟರ ಪತ್ರವನ್ನಷ್ಟೇ ಹಾಕಿಕೊಂಡ. ಬಾಗಿಲ ಬಳಿ ನಿಂತು, "ನನ್ನನ್ನ ಕ್ಷಮಿಸೋಕಾಗ್ತದಾ?" ಅಂದ.

"ಇಲ್ಲ" ಅಂದಳು ಇರ್ಯಾ.

"ಹೌದೌದು" ಅಂದಳು ಒಳಗಿನಿಂದ ಲೆಂಪಿ.

ಅವನು ಹೋದ ಮೇಲೆ ಇರ್ಯಾ ಬಟ್ಟಲು ತೊಳೆದಳು. ತೊಳೆದದ್ದನ್ನೇ ಮತ್ತೊಮ್ಮೆ ತೊಳೆದಳು. ಹೋಗಿ ಎಂದು ಹೇಳದೆ ಉಳಿದ ಆ ಒಂದು ಮಾತು ನಾಲಗೆಯ ಮೇಲೆ ಹಾಗೇ ಇತ್ತು. ಅದು ರಾತ್ರಿಯ ಊಟಕ್ಕೂ ಹೋಗಲಿಲ್ಲ, ಮರುದಿನದ ಕಾಫಿಗೂ ಹೋಗಲಿಲ್ಲ. ಸೋಮವಾರ ಅವಳು ಏನೋ ನೆಪ ಮಾಡಿಕೊಂಡು ಆಸ್ಪತ್ರೆಯ ರಸ್ತೆಯಲ್ಲಿ ಕಾರು ಓಡಿಸಿದಳು. ವೆಂಡೆಲನ ನೀಲಿ ಟ್ರಕ್ಕು ಅಲ್ಲಿ ನಿಂತಿತ್ತು. ಅವಳು ನಿಲ್ಲಿಸದೆ ಮುಂದೆ ಹೋದಳು. ಆ ವಾರವಿಡೀ ಅವಳಿಗೆ ಯಾರ ಮೇಲೆಂದು ತಿಳಿಯದ ಸಿಟ್ಟು. ಪಕ್ಕದ ಮನೆಯವಳ ನಾಯಿಯನ್ನೂ ಬೈದಳು.

ಸೆಪ್ಟೆಂಬರಿನಲ್ಲಿ, ಮೇಪಲ್ ಎಲೆ ಕೆಂಪಾಗತೊಡಗಿದ್ದಾಗ, ಒಂದು ಬೆಳಿಗ್ಗೆ ಗೇಟಿನ ಸದ್ದಾಯಿತು. ಇರ್ಯಾ ಪರದೆಯ ಸಂದಿಯಿಂದ ನೋಡಿದಳು. ತೆಳ್ಳಗಿನ ಹೆಂಗಸೊಬ್ಬಳು ಒಬ್ಬಳೇ ಬರುತ್ತಿದ್ದಳು. ತಲೆಯ ಮೇಲೆ ಆಗತಾನೆ ಹುಟ್ಟಿದ ಕೂಸಿನದರಂಥ ಬಿಳಿಯ ನವಿರು ಕೂದಲು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಹೊಸದಾಗಿ ಬೇಯಿಸಿದ ಪಾಸ್ಟಿ ಎಂಬ ಮಾಂಸದ ಕಡುಬಿನ ವಾಸನೆ ಕಿಟಕಿಯವರೆಗೂ ಬಂತು.

ಬಾಗಿಲು ಬಡಿದಳು. ಇರ್ಯಾ ಕದಲಲಿಲ್ಲ.

"ನಾನು ಆರ್ಡಿಸ್" ಅಂದಿತು ಹೊರಗಿನ ದನಿ. ಸ್ವಲ್ಪ ಹೊತ್ತಿನ ಮೇಲೆ, "ಲೆಂಪಿ ಅವರನ್ನ ನೋಡಿ ಹೋಗೋಣ ಅಂತ ಬಂದೆ" ಅಂದಿತು.

ಇರ್ಯಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಕೈ ಹಿಂದಕ್ಕೆ ಹೋಗಿ ಚಿಲಕವನ್ನು ಮುಟ್ಟಿತು, ಮುಟ್ಟಿ ಅಲ್ಲೇ ನಿಂತಿತು. ಬಾಗಿಲಿನ ಆಚೆ ತಟ್ಟೆಯನ್ನು ಮೆಟ್ಟಿಲ ಮೇಲಿಡುವ ಸದ್ದು ಕೇಳಿಸಿತು. ಹೆಜ್ಜೆಗಳು ಇಳಿದವು, ಅಂಗಳದಲ್ಲಿ ಎಲ್ಲೋ ನಿಂತವು.

ಅಡುಗೆಮನೆಯ ಕಿಟಕಿಯಲ್ಲಿ ಲೆಂಪಿ ಗಾಜಿನತ್ತ ಬಾಗಿ, ಎಡಗೈಯನ್ನು ನಿಧಾನವಾಗಿ ಮೇಲಕ್ಕೆತ್ತಿ ಬೀಸುತ್ತಿದ್ದಳು.