ಗೆರೆಯ ಮುಂದಿನ ಎರಡು ಅಂಕಿ

ಬೆಳಗಿನಿಂದ ಒಮ್ಮೆಯೂ ಸೇವ್ ಮಾಡಿಲ್ಲ ಎಂದು ಗೋರಿಕಲ್ಲಿನ ಅಂಗಡಿಯ ಕೆಲಸದವಳು ಸ್ಲಾವಿಂಕಾಗೆ ನೆನಪಾದದ್ದು ಪರದೆ ಬೆಳ್ಳಗಾದ ಮೇಲೆ. ಕಲ್ಲಿನ ವಿನ್ಯಾಸವನ್ನು ನುಂಗಿಕೊಂಡು ಪ್ರೋಗ್ರಾಂ ತಾನೇ ಮುಚ್ಚಿಹೋಗಿತ್ತು. ಹನ್ನೊಂದಕ್ಕೆ ರಾದೊಯ್ಕಾ ಅಜ್ಜಿ ಕಲ್ಲು ನೋಡಲು ಬರುವವಳಿದ್ದಳು. ಶನಿವಾರ ಅವಳ ಗಂಡ ವುಕೊಮಾನ್ ಸತ್ತು ವರ್ಷ ತುಂಬುತ್ತದೆ, ಅಷ್ಟರಲ್ಲಿ ಕಲ್ಲು ನಿಲ್ಲಬೇಕು.

ಅರಾಂಜೆಲೊವಾತ್ಸ್ ಊರಿನ ಎಲ್ಲ ಜೋಡಿ ಕಲ್ಲುಗಳಂತೆ ಇದರಲ್ಲೂ ಗಂಡನ ಪಕ್ಕದಲ್ಲಿ ಬದುಕಿರುವ ಹೆಂಡತಿಯ ಹೆಸರು, ಹುಟ್ಟಿದ ವರ್ಷ, ಮುಂದೊಂದು ಗೆರೆ. ಗೆರೆಯಾಚೆ ಖಾಲಿ. ಅದನ್ನು ತುಂಬುವ ಕಾಲ ಬಂದಾಗ ತುಂಬುತ್ತಾರೆ.

ಮತ್ತೆ ತೆರೆದಾಗ ಪ್ರೋಗ್ರಾಂ, ತಾನೇ ಉಳಿಸಿಟ್ಟ ಪ್ರತಿಯೊಂದಿದೆ, ಬೇಕೇ ಎಂದು ಕೇಳಿತು. ಬೇಡ ಎನ್ನುವವರುಂಟೇ? ಶಿಲುಬೆ, ದ್ರಾಕ್ಷಿಬಳ್ಳಿ, ಹೆಸರುಗಳು ಎಲ್ಲ ಇದ್ದವು. ಹೋದ ಜೀವ ಬಂದಂತಾಯಿತು.

ಕೊರೆಯುವ ಮೊದಲು ಕಾಗದದ ಮೇಲೆ ಅಚ್ಚು ತೆಗೆದು ಇಬ್ಬರು ಗಟ್ಟಿಯಾಗಿ ಓದಬೇಕೆಂಬುದು ಅಂಗಡಿಯ ನಿಯಮ. ಯಜಮಾನ ಮಿಲುಟಿನ್ ಹೊರಗೆ ಹೋಗಿದ್ದ. ಒಬ್ಬಳೇ ಗೋಡೆಗೆ ಓದಿ ಹೇಳುವುದೇ ಎಂದುಕೊಂಡು ಕೊರೆಯುವ ಯಂತ್ರದ ಗುಂಡಿ ಒತ್ತಿಬಿಟ್ಟಳು.

ಯಂತ್ರ ಒಂದೊಂದೇ ಅಕ್ಷರ ಕೊರೆಯಿತು. ವುಕೊಮಾನ್ ಹೆಸರು ಮುಗಿಯಿತು. ರಾದೊಯ್ಕಾ ಮುಗಿಯಿತು. 1946. ಗೆರೆ. ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ.

ಅವಳು ಓಡಿ ನಿಲ್ಲಿಸುವ ಕೆಂಪು ಗುಂಡಿ ಒತ್ತುವಷ್ಟರಲ್ಲಿ 20 ಎಂದು ಕೊರೆದಾಗಿತ್ತು. ಗಂಡಹೆಂಡತಿ ಇಬ್ಬರೂ ತೀರಿಕೊಂಡಿದ್ದ ಒಂದು ಹಳೆಯ ವಿನ್ಯಾಸವನ್ನೇ ತಿದ್ದಿ ಅವಳು ಇದನ್ನು ಮಾಡಿದ್ದಳು. ಆ ಹೆಂಗಸಿನ ಸಾವಿನ ವರ್ಷ 2011 ಅನ್ನು ಕೊನೆಗೆ ಅಳಿಸಿದ್ದಳು. ಪ್ರೋಗ್ರಾಂ ಉಳಿಸಿಟ್ಟಿದ್ದ ಪ್ರತಿ ಅದಕ್ಕೂ ಮುಂಚಿನದು.

ಕರಿಕಲ್ಲಿನಲ್ಲಿ ಕೊರೆದದ್ದು ಹೋಗುವುದಿಲ್ಲ. ಬದುಕಿರುವವಳಿಗೆ ಸಾವಿನ ವರ್ಷ ಬರೆಯಹೊರಟವಳು ತಾನು. ಅಜ್ಜಿಗೆ ಹೋದ ಚಳಿಗಾಲ ಹೃದಯಾಘಾತವಾಗಿತ್ತು. ಇದನ್ನು ಕಂಡು ಇಲ್ಲೇ ಕುಸಿದರೆ? ಸ್ಲಾವಿಂಕಾ ಗೋಣಿಯೊಂದನ್ನು ಕಲ್ಲಿನ ಮೇಲೆ ಎಳೆದಳು.

"ಯಾಕಮ್ಮ, ವುಕೊಮಾನ್‌ಗೆ ಚಳೀನಾ?" ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. "ತೆಗಿ, ನೋಡ್ತೀನಿ."

"ಅಜ್ಜಿ, ಕಂಪ್ಯೂಟರ್ ಕೈಕೊಡ್ತು... ಇಲ್ಲ, ತಪ್ಪು ನಂದೇ. ಓದಿ ನೋಡ್ದೆ ಕೊರೆಯೋಕೆ ಬಿಟ್ಟೆ."

ಗೋಣಿ ಸರಿಯಿತು. ಅಜ್ಜಿ ಕನ್ನಡಕ ಏರಿಸಿ ಗೆರೆಯ ಮುಂದಿನ ಅಂಕಿಗಳ ಮೇಲೆ ಬೆರಳಾಡಿಸಿದಳು. ಸ್ಲಾವಿಂಕಾ ಕಣ್ಣೊರೆಸಿಕೊಳ್ಳುತ್ತ ಅವಳ ಮುಖವನ್ನೇ ನೋಡುತ್ತಿದ್ದಳು.

"ಅಳ್ಬೇಡ. ಎರಡು ಸಾವಿರದ ನೂರರ ತನಕ ನಾನೇನು ಗೂಟ ಹೊಡ್ಕೊಂಡು ಕೂತಿರ್ತೀನಾ? ಇವೆರಡು ಅಂಕಿ ಹೇಗಿದ್ರೂ ಬೇಕಾಗೋವೇ. ಇರ್ಲಿ ಬಿಡು."

ಸ್ಲಾವಿಂಕಾಗೆ ನಗು ಅಳು ಎರಡೂ ಬಂದವು. ಅಜ್ಜಿಯ ಬೆರಳು ಸೊನ್ನೆಯನ್ನು ದಾಟಿ, ಇನ್ನೆರಡೇ ಅಂಕಿ ಹಿಡಿಯುವಷ್ಟು ಉಳಿದಿದ್ದ ನುಣ್ಣನೆಯ ಜಾಗಕ್ಕೆ ಬಂದು ನಿಂತಿತ್ತು.

"ಒಂದು ಕುರ್ಚಿ ತರ್ತೀಯಾ, ಮಗಳೇ," ಎಂದಳು ಸಣ್ಣ ದನಿಯಲ್ಲಿ.