ಹನ್ನೆರಡು ಗಂಟೆಯ ದೋಣಿ

ಅವಳ ಕಣಿವೆಯಲ್ಲಿ ಅರವತ್ತನಾಲ್ಕು ಚೌಕಗಳಿದ್ದವು. ಒಂದರಲ್ಲಿ ಮಾತಾಡುವ ಬಂಡೆ, ಒಂದರಲ್ಲಿ ಮುಳುಗಿದ ಪಟ್ಟಣ, ಮೂಲೆಯ ಬೆಟ್ಟದೊಳಗೆ ಯಾರೋ ಬಚ್ಚಿಟ್ಟು ಮರೆತ ಕಂಚಿನ ಕುದುರೆ. ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವುದು ಅವಳ ಉದ್ಯೋಗ. ಈ ಕಣಿವೆಯನ್ನೂ ಅದೇ ಮೊನಚು ಪೆನ್ಸಿಲಿನಿಂದ ನಾಲ್ಕು ವರ್ಷ ಕೂತು ಬರೆದಿದ್ದಳು. ಆಟಗಾರರು ಎಲ್ಲಿಗೆ ಬೇಕಾದರೂ ಹೋಗಬಹುದು, ಏನು ಬೇಕಾದರೂ ಮಾಡಬಹುದು ಎಂಬುದೇ ಅದರ ಸೊಗಸು. ಆಟಗಾರರು ಎರಡು ಭಾನುವಾರಗಳಿಂದ ಎರಡನೆಯ ಚೌಕದಲ್ಲಿದ್ದರು. ಆ ಚೌಕದಲ್ಲಿ ಒಂದು ದೋಣಿಕಟ್ಟೆಯ ಹೊರತು ಬೇರೇನೂ ಇರಲಿಲ್ಲ.

ಆಟ ಕಷ್ಟದ್ದಲ್ಲ. ಒಬ್ಬರು ಲೋಕವನ್ನು ವರ್ಣಿಸುತ್ತಾರೆ. ಉಳಿದವರು ಅದರಲ್ಲಿ ಒಂದೊಂದು ಪಾತ್ರವಾಗಿ ಏನು ಮಾಡುತ್ತೇವೆಂದು ಹೇಳುತ್ತಾರೆ. ಅನುಮಾನ ಬಂದರೆ ದಾಳ ಉರುಳಿಸುತ್ತಾರೆ. ಗ್ರಂಥಾಲಯದ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಹೀಗೆ ಹನ್ನೆರಡು ಮೇಜುಗಳು ನಡೆಯುತ್ತಿದ್ದವು. ನಡೆಸುತ್ತಿದ್ದದ್ದು ಒಂದು ಕೂಟ. ಹನ್ನೊಂದು ಮೇಜುಗಳಲ್ಲಿ ಕೂಟ ಅಚ್ಚು ಹಾಕಿಸಿ ಕೊಟ್ಟ ಸಾಹಸ, ಮೊದಲ ಪುಟದಿಂದ ಕೊನೆಯ ಪುಟಕ್ಕೆ. ಹನ್ನೆರಡನೆಯದು ಮಾತ್ರ ವಿಶೇಷ ಅನುಮತಿಯ ಮೇಲೆ ಅವಳದು. ಆದರೆ ನಿಯಮ ಎಲ್ಲರಿಗೂ ಒಂದೇ: ಆಟ ನಡೆಸುವವರು ಆ ದಿನದ ಗುರಿಯನ್ನು ಮೊದಲೇ ಬರೆದು ಲಕೋಟೆಯಲ್ಲಿಟ್ಟು ಅಂಟಿಸಿ ಕೊಡಬೇಕು, ಆಟಗಾರರಿಗೆ ಬಾಯಿ ಬಿಡಬಾರದು, ಕೊನೆಯಲ್ಲಿ ಒಡೆದು ನೋಡಬೇಕು. ಮೂರು ಸಲ ಸತತವಾಗಿ ‘ಗುರಿ ಮುಟ್ಟಲಿಲ್ಲ’ ಎಂದಾದರೆ ಆ ಮೇಜು ಮುಚ್ಚಿದ ಹಾಗೆ.

ಎಲ್ಲಿಗೆ ಬೇಕಾದರೂ ಹೋಗಬಲ್ಲವರು ಎಲ್ಲಿಗೆ ಹೋಗುತ್ತಾರೆಂದು ಮೊದಲೇ ಬರೆದುಕೊಡುವುದು ಹೇಗೆಂದು ಅವಳು ಕೇಳಿದ್ದಳು. ಕೂಟದ ಸಂಚಾಲಕ ಅರ್ಜಿಯ ನಮೂನೆಯನ್ನು ತಿರುಗಿಸಿ ಹಿಂದೆ ಮುಂದೆ ನೋಡಿ, ಅದಕ್ಕೆ ಇಲ್ಲಿ ಜಾಗ ಇಲ್ಲ ಎಂದಿದ್ದ.

ಎರಡು ಸಲ ಅವಳು ‘ಕಂಚಿನ ಕುದುರೆ ಸಿಗಬೇಕು’ ಎಂದು ಬರೆದಳು. ಎರಡು ಸಲವೂ ಕುದುರೆ ಬೆಟ್ಟದೊಳಗೇ ಉಳಿಯಿತು. ಕಾರಣ ಅವಳ ಸ್ವಂತ ಸೋದರಮಾವ.

ಮಾವ ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಟೈಮ್‌ಕೀಪರ್ ಆಗಿದ್ದು ನಿವೃತ್ತರಾದವರು. ತಮ್ಮದೇ ಮದುವೆಗೆ ಹೊರಟ ನೆಂಟರ ಬಸ್ಸನ್ನು ಇಬ್ಬರು ಚಿಕ್ಕಮ್ಮಂದಿರನ್ನು ಬಿಟ್ಟು ಹೇಳಿದ ಹೊತ್ತಿಗೆ ಕಳಿಸಿದರೆಂದು ಮನೆತನದಲ್ಲಿ ಇವತ್ತಿಗೂ ಹೇಳುತ್ತಾರೆ; ಒಬ್ಬರು ಚಿಕ್ಕಮ್ಮ ಇವತ್ತಿಗೂ ಮಾತು ಬಿಟ್ಟಿದ್ದಾರೆ. ಆಟದಲ್ಲಿ ಅವರು ಮಂತ್ರವಾದಿ. ಮೊದಲ ಭಾನುವಾರ ದೋಣಿಕಟ್ಟೆಗೆ ಬಂದು, ದೋಣಿ ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು. ಅವಳು ಆ ಕ್ಷಣಕ್ಕೆ ಹುಟ್ಟಿಸಿದ ಅಂಬಿಗ, ಜನ ಆದಾಗ ಹೊರಡುತ್ತೆ ಸ್ವಾಮಿ ಎಂದುಬಿಟ್ಟ. ಅಲ್ಲಿಗೆ ಮುಗಿಯಿತು. ಬೆಂಕಿಯ ಚೆಂಡು ಎಸೆಯಬಲ್ಲ ಮಂತ್ರವಾದಿ ಎರಡು ಭಾನುವಾರ ಕೂತು, ಗೆರೆ ಎಳೆದು, ಬೆಳಗಿನಿಂದ ಸಂಜೆಯವರೆಗೆ ಆರು ದೋಣಿಗಳ ವೇಳಾಪಟ್ಟಿ ತಯಾರಿಸಿದ. ಬೇಟೆಗಾರ್ತಿಯ ಪಾತ್ರದ ಟೈಲರಮ್ಮ, ದೋಣಿ ಹೊರಡುವ ಸೂಚನೆಗೆ ಬಾವುಟ ಬೇಕೆಂದು ನಿಜವಾಗಿಯೇ ಅಂಗೈಯಗಲದ ಕೆಂಪು ಬಾವುಟ ಹೊಲಿದು, ಅಂಚು ಮಡಿಚಿ ತಂದರು. ಬಾವುಟ ಇಳಿದರೇ ದೋಣಿ ಹೊರಡುವುದು ಎಂದು ಅಂಬಿಗನಿಂದ ಮಾತು ತೆಗೆದುಕೊಂಡರು. ದಢೂತಿ ಯೋಧನ ಪಾತ್ರದ ಹಲ್ಲಿನ ಡಾಕ್ಟರು ಮಾತ್ರ ಕತ್ತಿ ಹಿಡಿದು ಯಾರನ್ನಾದರೂ ಹೊಡೆಯೋಣವೇ ಎಂದು ಆಗಾಗ ಕೇಳುತ್ತಿದ್ದರು.

ಮೂರನೆಯ ಭಾನುವಾರದ ಲಕೋಟೆಗೆ ಅವಳು ಬೇರೆ ಗುರಿ ಬರೆದಳು. ‘ಹನ್ನೆರಡು ಗಂಟೆಯ ದೋಣಿ ಸಮಯಕ್ಕೆ ಸರಿಯಾಗಿ ಹೊರಡಬೇಕು.’ ಬರೆಯುವಾಗ ಮನಸ್ಸು ಒಪ್ಪಲಿಲ್ಲ, ಅಂಟಿಸುವಾಗ ಸಮಾಧಾನವಾಯಿತು. ಇದೊಂದು ವಿಷಯದಲ್ಲಿ ಮಾವ ಸೋಲುವವರಲ್ಲ.

ಸಂಚಾಲಕ ಅವತ್ತು ಖುದ್ದು ಬಂದ. ಅವನು ಲಿಫ್ಟುಗಳ ತಪಾಸಣಾಧಿಕಾರಿ. ಕುರ್ಚಿಯನ್ನು ಎರಡು ಸಲ ಅಲುಗಾಡಿಸಿ ನೋಡಿಯೇ ಕೂತ. ಲಕೋಟೆಯ ಮೇಲೆ ಸಹಿ ಹಾಕಿ, ದಿನಾಂಕ ಬರೆದು, ತನ್ನ ಕೈಯ ಕೆಳಗೆ ಇಟ್ಟುಕೊಂಡ.

ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಮೇಜು ಮುಚ್ಚುವ ವಿಷಯ ಪಕ್ಕದ ಮೇಜಿನವರಿಂದ ಟೈಲರಮ್ಮನ ಕಿವಿಗೆ ಬಿದ್ದು, ಹಿಂದಿನ ಎರಡು ಲಕೋಟೆಗಳಂತೆ ಇವತ್ತಿನದರಲ್ಲೂ ಕುದುರೆಯೇ ಇರಬೇಕೆಂದು ಮೂವರೂ ಮೆಟ್ಟಿಲ ಮೇಲೆ ನಿಂತು ಒಂದು ತೀರ್ಮಾನಕ್ಕೆ ಬಂದಿದ್ದರು.

“ನಿನ್ನ ಮರ್ಯಾದೆ ಪ್ರಶ್ನೆ ಕಣಮ್ಮ,” ಎಂದರು ಮಾವ, ಎದೆಯುಬ್ಬಿಸಿ. “ದೋಣಿ ಗೀಣಿ ಎಲ್ಲ ಆಮೇಲೆ. ಇವತ್ತು ನಾವು ಸೀದಾ ಬೆಟ್ಟಕ್ಕೆ. ನೋಡು, ವೇಳಾಪಟ್ಟಿನ ಮನೇಲೇ ಬಿಟ್ಟು ಬಂದಿದೀನಿ.”

ಅವಳು ಸಂಚಾಲಕನ ಮುಖ ನೋಡಿದಳು. ಅವನು ಮೆಚ್ಚುಗೆಯಿಂದ ತಲೆಯಾಡಿಸಿದ.

ಮುಂದಿನ ಎರಡು ಗಂಟೆ ಅವಳು, ಯಾರನ್ನೂ ಯಾವ ದಾರಿಗೂ ತಳ್ಳುವುದಿಲ್ಲವೆಂದು ನಾಲ್ಕು ವರ್ಷ ಹೇಳಿಕೊಂಡು ಬಂದವಳು, ಮೂವರನ್ನು ದೋಣಿಕಟ್ಟೆಗೆ ತಳ್ಳಲು ಮಾಡದ ಕಸರತ್ತಿಲ್ಲ. ದಾರಿಯಲ್ಲಿ ಗುಡ್ಡ ಕುಸಿಸಿದಳು. ಡಾಕ್ಟರ ಯೋಧ ಕಲ್ಲುಗಳನ್ನು ಎತ್ತಿ ಬಿಸಾಡಿದ. ಅಂಬಿಗನ ತಂಗಿಯನ್ನು ಏದುಸಿರು ಬಿಡಿಸುತ್ತ ಓಡಿಸಿ ತಂದು, ಅಣ್ಣ ನಿಮ್ಮನ್ನೇ ಕೇಳುತ್ತಿದ್ದಾನೆ ಎನ್ನಿಸಿದಳು. ಬೇರೆ ಡ್ಯೂಟಿ ಮೇಲಿದ್ದೇವೆ ಎಂದು ಹೇಳಮ್ಮ ಎಂದರು ಮಾವ. ಬೆಟ್ಟದ ಬಾಗಿಲಿಗೆ ಒಂದು ಒಗಟು ಇಟ್ಟಿದ್ದಳು. ನಾಲ್ಕು ವರ್ಷ ಯೋಚಿಸಿ ಇಟ್ಟದ್ದನ್ನು ಟೈಲರಮ್ಮ ಚಹಾ ಹೀರುತ್ತಲೇ ಬಿಡಿಸಿದರು. ಡಾಕ್ಟರಿಗೆ ಕೊನೆಗೂ ಹೊಡೆಯಲು ಏನೋ ಸಿಕ್ಕಿತು. ಅವರ ದಾಳ ಎಂದೂ ಬೀಳದ ಹಾಗೆ ಬಿದ್ದವು. ಗ್ರಂಥಾಲಯದ ಗಡಿಯಾರದಲ್ಲಿ ಹನ್ನೆರಡೂವರೆಯಾಗುವಷ್ಟರಲ್ಲಿ ಕಂಚಿನ ಕುದುರೆ ಯೋಧನ ಹೆಗಲ ಮೇಲಿತ್ತು. ಇಷ್ಟು ಚೆನ್ನಾಗಿ ಅವರು ಯಾವತ್ತೂ ಆಡಿರಲಿಲ್ಲ. ಅವಳಿಗೆ ಅಳು ಬರುವಂತಾಗಿತ್ತು.

ಮೂವರೂ ಕೆಲಸ ಮುಗಿಸಿದವರ ಮುಖ ಮಾಡಿಕೊಂಡು ಲಕೋಟೆಯ ಕಡೆ ನೋಡುತ್ತಿದ್ದರು. ಆಟಕ್ಕೆ ಇನ್ನೂ ಅರ್ಧ ಗಂಟೆ ಬಾಕಿಯಿತ್ತು. ಆಗ ಅವಳಿಗೆ ತನ್ನದೇ ನಕ್ಷೆಯ ಅಂಚಿನಲ್ಲಿ, ಮೂರು ವರ್ಷದ ಹಿಂದೆ ಸಣ್ಣಕ್ಷರದಲ್ಲಿ ಬರೆದ ಒಂದು ಸಾಲು ಕಂಡಿತು. ಕುದುರೆಯ ಹೊಟ್ಟೆಯ ಕೆಳಗೆ ಅಕ್ಷರಗಳಿವೆ ಎಂದಳು. ಇದು ಆಚೆ ದಡದ ಗೋಪುರದ ಸ್ವತ್ತು, ಅಲ್ಲಿಗೇ ಸೇರಬೇಕು.

ಆಚೆ ದಡ ಎಂದರೆ ದೋಣಿ. ಮೂವರೂ ಕಟ್ಟೆಗೆ ಬಂದರು. ಅಂಬಿಗ ಹುಟ್ಟು ಹಿಡಿದು ನಿಂತಿದ್ದ. ಆಟದೊಳಗೆ ಸೂರ್ಯ ನೆತ್ತಿಯ ಮೇಲೆ ಬರಲು ಸ್ವಲ್ಪವೇ ಹೊತ್ತಿತ್ತು. ಟೈಲರಮ್ಮ ಕೈಚೀಲದಿಂದ ಬಾವುಟ ತೆಗೆದು ಮಾವನ ಕೈಗಿತ್ತರು. ಅವಳು ಮೇಜಿನ ಕೆಳಗೆ ಬೆರಳುಗಳನ್ನು ಹೆಣೆದುಕೊಂಡಳು.

ಅಷ್ಟರಲ್ಲಿ ಡಾಕ್ಟರ ಫೋನು ಬಡಿದುಕೊಂಡಿತು. ಯಾರದೋ ಹಲ್ಲಿನ ಸಿಮೆಂಟು ಕಿತ್ತು ಬಂದಿತ್ತಂತೆ. ಒಂದೇ ನಿಮಿಷ ಎಂದು ಕೈಸನ್ನೆ ಮಾಡಿ ಡಾಕ್ಟರು ಮೆಟ್ಟಿಲ ಕಡೆ ನಡೆದರು. ಎದ್ದು ಹೋದವರ ಪಾತ್ರವನ್ನು ಇನ್ನೊಬ್ಬರು ನಡೆಸುವಂತಿಲ್ಲ, ಅದೂ ಕೂಟದ ನಿಯಮ. ಯೋಧ ಕುದುರೆ ಹೊತ್ತು ದಡದಲ್ಲೇ ನಿಂತ.

“ಹನ್ನೆರಡಾಯ್ತು ಸ್ವಾಮಿ,” ಎಂದಳು ಅವಳು ಅಂಬಿಗನ ದನಿಯಲ್ಲಿ.

ಮಾವ ಬಾವುಟ ನೋಡಿದರು, ಖಾಲಿ ಕುರ್ಚಿ ನೋಡಿದರು.

“ಹನ್ನೆರಡು ಅಂದ್ರೆ ಹನ್ನೆರಡು ಅಂತ ನೀವೇ ಬರೆದುಕೊಟ್ಟಿದ್ದು ಸ್ವಾಮಿ. ಪಟ್ಟೀಲಿದೆ.” ಅಂಬಿಗ ಒತ್ತಿ ಹೇಳಿದ. ಸಂಚಾಲಕ ಕನ್ನಡಕದ ಮೇಲಿಂದ ಅವಳನ್ನು ನೋಡಿದ. ಇನ್ನು ಸುಳಿವು ಕೊಡುವಂತಿರಲಿಲ್ಲ.

ಮಾವ ಸೊಸೆಯ ಮುಖ ನೋಡಿದರು. ಅವಳ ಕಣ್ಣಲ್ಲಿದ್ದ ದೈನ್ಯ ಅವರಿಗೆ ಸ್ಪಷ್ಟವಾಗಿ ಅರ್ಥವಾಯಿತು, ಪೂರ್ತಿ ತಪ್ಪಾಗಿ. ಅವರು ಬಾವುಟವನ್ನು ಮೇಜಿನ ಮೇಲೆ ಮೆಲ್ಲಗೆ, ಇಳಿಸದೆ, ನಿಲ್ಲಿಸಿ ಹಿಡಿದರು.

“ನಿಲ್ಸಪ್ಪ ದೋಣೀನ,” ಎಂದರು. “ಡಾಕ್ಟ್ರು ಬರ್ಲಿ. ನನ್ನ ಸೊಸೆಗಾಗಿ ಇದೊಂದ್ಸಲ.”

ದೋಣಿ ನಿಂತಿತು. ಡಾಕ್ಟರು ಬಂದದ್ದು ಏಳು ನಿಮಿಷದ ಮೇಲೆ. ಮೂವರೂ ಕುದುರೆ ಸಮೇತ ಆಚೆ ದಡ ಮುಟ್ಟಿದರು. ಪಕ್ಕದ ಮೇಜಿನವರೂ ಚಪ್ಪಾಳೆ ತಟ್ಟಿದರು. ಸಂಚಾಲಕ ಲಕೋಟೆ ಒಡೆದು ಓದಿದ, ಗಡಿಯಾರ ನೋಡಿದ, ಪೆನ್ನು ತೆಗೆದ. ‘ಗುರಿ ಮುಟ್ಟಲಿಲ್ಲ’ ಎಂಬಲ್ಲಿ ಗುರುತು ಹಾಕಿ, ಸಹಿ ಮಾಡಿ, ಚೀಟಿಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿ ಇಟ್ಟ.

ಮಾವ ಅದನ್ನು ಎರಡು ಸಲ ಓದಿದರು.

“ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ತು ನಿಂಗೆ?”

“ಹೇಳಬಾರ್ದು ಅಂತ ನಿಯಮ, ಮಾವ.”

ಮೂವತ್ತನಾಲ್ಕು ವರ್ಷ ಅದೇ ಮಾತನ್ನು ಬೇರೆಯವರಿಗೆ ಹೇಳಿ ಬಾಯಿ ಮುಚ್ಚಿಸಿದವರು ಮಾವ. ಡಾಕ್ಟರ ಕಡೆ ತಿರುಗಿ, ಯಾರಿಗೂ ಕಾಯಬಾರದು ಎಂದು ನನಗೆ ಗೊತ್ತಿತ್ತು ಎಂದಷ್ಟೇ ಗೊಣಗಿದರು. ಅವಳು ನಕ್ಷೆಯನ್ನು ಸುತ್ತಿ ರಬ್ಬರ್ ಬ್ಯಾಂಡು ಹಾಕಿದಳು. ಅರವತ್ತನಾಲ್ಕರಲ್ಲಿ ನಾಲ್ಕು ಚೌಕ ಮಾತ್ರ ಜನರ ಕಾಲು ಕಂಡಿದ್ದವು.

ಮುಚ್ಚಿದ ಮೇಜನ್ನು ಸರಿದಾರಿಗೆ ತರುವ ಹೊಣೆ ನಿಯಮದ ಪ್ರಕಾರ ಸಂಚಾಲಕನದೇ. ಮುಂದಿನ ಭಾನುವಾರ ಅವನು ಅಚ್ಚಾದ ಸಾಹಸದ ಇಪ್ಪತ್ತನಾಲ್ಕು ಪುಟ ಹಿಡಿದು, ಕುರ್ಚಿ ಅಲುಗಾಡಿಸಿ ನೋಡಿ ಕೂತ. ಅವಳು ಈ ಬದಿಗೆ, ಆಟಗಾರರ ಜೊತೆ ಕೂತಿದ್ದಳು. ಅವನು ಮೊದಲ ಪುಟ ಗಟ್ಟಿಯಾಗಿ ಓದಿದ. ಊರಿನ ಬಾವಿಯ ಬಳಿ ಒಬ್ಬ ಮುದುಕ ಅಳುತ್ತ ಕೂತಿದ್ದಾನೆ, ಅವನ ಮಗಳನ್ನು ರಾಕ್ಷಸರು ಹೊತ್ತೊಯ್ದಿದ್ದಾರೆ, ದಾರಿ ಉತ್ತರಕ್ಕಿದೆ.

ಬಾವಿಯಲ್ಲಿ ನೀರು ಸೇದಲು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಬಿಡುತ್ತಾರೆಂದು ಮಾವ ಕೇಳಿದರು. ಅದು ಪುಸ್ತಕದಲ್ಲಿಲ್ಲ ಎಂದ ಸಂಚಾಲಕ. ಹಾಗಾದರೆ ಜನ ಸರದಿ ಹೇಗೆ ನಿಲ್ಲುತ್ತಾರೆ ಎಂದರು ಮಾವ, ಜೇಬಿನಿಂದ ಅಡಿಪಟ್ಟಿ ತೆಗೆಯುತ್ತ. ಮುದುಕನ ಅಂಗಿ ಯಾವ ಬಟ್ಟೆಯದು, ಯಾರು ಹೊಲಿದದ್ದು ಎಂದು ಟೈಲರಮ್ಮ ವಿಚಾರಿಸಿದರು. ಡಾಕ್ಟರು ಮುದುಕನಿಗೆ ಬಾಯಿ ಅಗಲಿಸಲು ಹೇಳಿದರು.

ಸಂಚಾಲಕ ಎರಡನೆಯ ಪುಟದ ಅಂಚನ್ನು ಬೆರಳಲ್ಲಿ ಹಿಡಿದು, ಸಹಾಯಕ್ಕೆಂಬಂತೆ ಅವಳ ಕಡೆ ತಿರುಗಿದ.

“ನೀವಾದ್ರೂ ಹೇಳಿ ಮೇಡಂ. ನಿಮ್ಮ ಪಾತ್ರ ಈಗ ಏನ್ ಮಾಡುತ್ತೆ?”

ಅವಳು ಪೆನ್ಸಿಲು ಚೂಪು ಮಾಡಿ, ಹೊಸ ಹಾಳೆ ಬಿಡಿಸಿದಳು.

“ಬಾವಿ ಸುತ್ತ ಅಳತೆ ತೊಗೊಳ್ತೀನಿ ಸಾರ್,” ಎಂದಳು. “ನಿಧಾನಕ್ಕೆ.”