ಬೀಜದ ತೆನೆಯ ತೋರಣ

ಹೊಸ ಸೊಸೆ ಸಿದ್ದಲಿಂಗವ್ವ ಪಂಚಮಿಗೆಂದು ಜಂತಿಯಲ್ಲಿ ತೂಗುತ್ತಿದ್ದ ಜೋಳದ ತೆನೆಗಳನ್ನು ಹೆಣೆದು, ಬಣ್ಣದ ನೂಲು ಸುತ್ತಿ ತಲಬಾಗಿಲಿಗೆ ತೋರಣ ಕಟ್ಟಿದಳು.

"ಅಯ್ಯ ನಮ್ಮವ್ವ, ಬೀಜದ ತೆನಿ ಅವು! ನಿಮ್ಮ ಮಾವ ಹಿಂಗಾರಿ ಬಿತ್ತಾಕಂತ ಆರಿಸಿ ಇಟ್ಟಿದ್ರು," ಎಂದಳು ಅತ್ತೆ ಬಾಳಮ್ಮ.

ಬಿಚ್ಚಹೋದರೆ ಕಾಳು ಉದುರಿದವು. ಮಾವ ಸಿಂದಗಿ ಸಂತೆಯಿಂದ ಬರುವ ಹೊತ್ತು. ಸಿದ್ದಲಿಂಗವ್ವ ಒಳಗೆ ಹೋದಳು, ಹೊರಗೆ ಬಂದಳು, ಮುತ್ತಿದ ಗುಬ್ಬಿಗಳನ್ನು ಮತ್ತೆ ಮತ್ತೆ ಓಡಿಸಿದಳು.

ಮಾವ ಗುರುಲಿಂಗಪ್ಪ ಬಂದವನೇ ತೋರಣ ನೋಡುತ್ತ ನಿಂತ. ಸೊಸೆ ಬಾಗಿಲ ಹಿಂದೆ ಸರಿದಳು.

"ಯಾರು ಕಟ್ಯಾರ ಇದನ್ನ?"

"ನಿಮ್ಮ ಸೊಸಿರಿ. ಗೊತ್ತಿದ್ದಿಲ್ಲ ಆಕಿಗೆ. ಇಳಸ್ಲೇನ್ರಿ?"

"ನನ್ನ ಬಡಿಗಿ ತಾ."

ಬಾಳಮ್ಮ ತಂದುಕೊಟ್ಟ ಬಡಿಗೆ ಹಿಡಿದು ಅವನು ಹೊಸ್ತಿಲಲ್ಲಿ ನಿಂತ.

"ಹಬ್ಬದಾಗ ತೋರಣ ಬಿಚ್ಚತಾರೇನ? ಗುಬ್ಬಿ ನಾ ಕಾಯ್ತೇನಿ."

ಹಬ್ಬ ಮುಗಿಯುವವರೆಗೂ ಅವನು ಹೊಸ್ತಿಲು ಬಿಡಲಿಲ್ಲ. ಉಂಡಿ ತಿನ್ನಲು ಬಂದವರೂ ಗುಬ್ಬಿಗೆಂದು ಎತ್ತಿ ಹಿಡಿದ ಬಡಿಗೆಯ ಕೆಳಗೆ ತಲೆ ಬಗ್ಗಿಸಿಯೇ ಒಳಗೆ ಹೋದರು.